ಮೊಟ್ಟೆ ಹೆಚ್ಚಿದವು

ನೀರೇರಿದ ನೂರ ಹದಿನೇಳನೆಯ ವರ್ಷ, ಫೆಬ್ರವರಿ ಮೂವತ್ತು
ಬೆಳಗಿನ ಇಳಿತದ ಹೊತ್ತು, ತೇಲುಶಾಲೆ

ಶ್ರೀಮತಿ ತುಳಸು ಹರಿಕಂತ್ರ ಅವರಿಗೆ ಜೋಡುಗಲ್ಲಿನ ಎಣಿಕೆಯವಳಾದ ಶೇವಂತಿ ಅಂಬಿಗ ಮಾಡುವ ನಮಸ್ಕಾರ.

ಮೊದಲಿಗೆ ತಾರೀಖಿನ ಬಗ್ಗೆ ಕ್ಷಮೆ ಇರಲಿ. ಫೆಬ್ರವರಿಗೆ ಮೂವತ್ತನೆಯ ದಿನ ಎಲ್ಲಿಂದ ಬಂತೆಂದು ನೀವು ಕೇಳುವುದು ಸಹಜ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದನ್ನು ಜಡಿಮಳೆಯ ನಡುವೆ ಒಟ್ಟಿಗೆ ಇಟ್ಟು ‘ಬಿಟ್ಟ ದಿನ’ ಎನ್ನುತ್ತೇವೆ. ಆ ಐದು ದಿನ ಯಾರೂ ಏನನ್ನೂ ಅಳೆಯುವುದಿಲ್ಲ, ಬರೆಯುವುದಿಲ್ಲ, ಮಲಗಿ ಎದ್ದು ಹಪ್ಪಳ ತಿನ್ನುತ್ತೇವೆ. ನೀರೇರಿದ ವರ್ಷವೆಂದರೆ ಕಡಲು ಹಳೆಯ ವಿಶ್ವವಿದ್ಯಾಲಯದ ಮೂರನೆಯ ಮೆಟ್ಟಿಲಿಗೆ ಬಂದು, ಮತ್ತೆ ಇಳಿಯದೆ ಅಲ್ಲೇ ನಿಂತ ವರ್ಷ. ನಿಮ್ಮ ಲೆಕ್ಕದಲ್ಲಿ ನಿಮಗೂ ನನಗೂ ನಡುವೆ ನೂರೈವತ್ತು ವರ್ಷಗಳಿರಬಹುದು. ಅಷ್ಟು ವರ್ಷದಲ್ಲಿ ಮಾತು ಸವೆಯುತ್ತದೆ, ಕೆಲವು ಕಡೆ ಹೊಸದಾಗಿ ಚಿಗುರುತ್ತದೆ. ನನ್ನ ಬರಹ ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಬೇಸರ ಮಾಡಬೇಡಿ. ನಿಮ್ಮ ಒಂದು ಮಾತು ನನಗೆ ಅರ್ಥವಾಗದೆ ಹೋದದ್ದಕ್ಕೇ ಈ ಪತ್ರ.

ನಿಮ್ಮನ್ನು ಹೇಗೆ ಕರೆಯಲಿ ಎಂಬುದೇ ನನಗೊಂದು ಪೇಚು. ವರ್ಷ ಎಣಿಸಿದರೆ ನೀವು ನನ್ನ ಮುತ್ತಜ್ಜಿಯ ಮುತ್ತಜ್ಜಿ. ಆದರೆ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ವಯಸ್ಸು ಮೂವತ್ತನಾಲ್ಕು ಎಂದಿದೆ, ನನಗೀಗ ಐವತ್ತೊಂದು. ಮೂವತ್ತನಾಲ್ಕರ ಹೆಂಗಸನ್ನು ಅಜ್ಜಿ ಎಂದರೆ ಯಾವ ಕಾಲದಲ್ಲೂ ಮುಖ ಗಂಟಾಗುತ್ತದೆ. ತಂಗಿ ಎಂದರೆ ನನಗೇ ಅಧಿಕಪ್ರಸಂಗ ಎನಿಸುತ್ತದೆ. ಹಾಗಾಗಿ ನಡುವಿನ ದಾರಿ ಹಿಡಿದು ತುಳಸಕ್ಕ ಎನ್ನುತ್ತೇನೆ.

ಈ ಬಗೆಯ ಪತ್ರಕ್ಕೆ ನಮ್ಮ ವಿಭಾಗದಲ್ಲಿ ‘ಹಿಂಬರಹ’ ಎಂದು ಹೆಸರು. ನಿಮ್ಮ ಕಾಲದಲ್ಲಿ ಕಚೇರಿಯವರು ಅರ್ಜಿ ಒಪ್ಪದೆ ಜನರನ್ನು ಮನೆಗೆ ಕಳಿಸುವಾಗ ಕೊಡುತ್ತಿದ್ದ ಕಾಗದಕ್ಕೆ ಈ ಹೆಸರಿತ್ತಂತೆ. ನಮ್ಮಲ್ಲಿ ಹಾಗಲ್ಲ. ಹಳೆಯ ದಾಖಲೆಯಲ್ಲಿ ಏನಾದರೂ ತಿಳಿಯದಾದಾಗ, ಅದನ್ನು ಬರೆದವರಿಗೇ ನೇರವಾಗಿ ಪತ್ರ ಬರೆದು ಕೇಳಬೇಕು ಎಂಬುದು ನಿಯಮ. ಬರೆದ ಪತ್ರವನ್ನು ಆ ದಾಖಲೆಯ ಪುಟಗಳ ನಡುವೆ ಇಡುತ್ತೇವೆ. ಉತ್ತರ ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಬರೆದವರ ಮುಖ ನೆನೆದು ಪ್ರಶ್ನೆ ಕೇಳಿದರೆ ಪ್ರಶ್ನೆಯಾದರೂ ಸರಿಯಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಮೂವತ್ತು ವರ್ಷದಲ್ಲಿ ನಾನು ಬರೆಯುತ್ತಿರುವ ಮೊದಲ ಹಿಂಬರಹ ಇದು. ನನಗೆಲ್ಲ ಗೊತ್ತು ಎಂಬ ಧಿಮಾಕು ಇತ್ತು, ಮುಚ್ಚಿಡುವುದಿಲ್ಲ.

ನಿಮ್ಮ ಪುಸ್ತಕಗಳು ನಮ್ಮಲ್ಲಿ ಮೂರಿವೆ. ಅಕ್ಕಿ ಚೀಲದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗೇರೆಣ್ಣೆ ಬಳಿದ ಪೆಟ್ಟಿಗೆಯಲ್ಲಿ ಯಾರೋ ಇಟ್ಟಿದ್ದರಿಂದ ಬದುಕಿಕೊಂಡವು. ವಿಶ್ವವಿದ್ಯಾಲಯದ ಕಡಲ ಸಂಶೋಧನೆಗೆ ನಿಮ್ಮನ್ನು ದೋಣಿ ನಡೆಸಲು ಕರೆದರೆಂದೂ, ಸಂಶೋಧಕರಿಗೆ ಅಲೆಯಲ್ಲಿ ತಲೆ ತಿರುಗಿ ವಾಂತಿಯಾಗುತ್ತಿದ್ದರಿಂದ ಎಣಿಸುವ, ಬರೆಯುವ ಕೆಲಸವೂ ನಿಮ್ಮ ಕೈಗೇ ಬಂತೆಂದೂ ಎರಡನೆಯ ಪುಸ್ತಕ ಓದಿ ಊಹಿಸಿದ್ದೇವೆ. ‘ಸರ್ ಮಲಗಿದರು. ನಾನು ಎಣಿಸಿದೆ’ ಎಂಬ ಸಾಲು ಹನ್ನೊಂದು ಸಲ ಬರುತ್ತದೆ. ಅದನ್ನು ಓದಿದಾಗಲೆಲ್ಲ ನಗು ಬರುತ್ತದೆ. ನಲವತ್ತನೆಯ ಪುಟದಲ್ಲಿ ಎಣ್ಣೆಯ ಕಲೆ ಒಂದಿದೆ, ಅಂಗೈ ಅಗಲ. ಅದು ಬಂಗಡೆಯದೋ, ಭಜಿಯದೋ? ನಮ್ಮ ವಿದ್ಯಾರ್ಥಿಗಳು ಅದನ್ನು ಪರೀಕ್ಷೆಗೆ ಕಳಿಸಬೇಕೆಂದು ಜಗಳವಾಡಿದ್ದಾರೆ. ನಾನು ಬಿಡಲಿಲ್ಲ. ಕೆಲವು ಗುಟ್ಟು ನಿಮ್ಮ ಹತ್ತಿರವೇ ಇರಲಿ.

ನಮ್ಮ ಬದುಕಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ನಿಮಗೂ ಕುತೂಹಲ ಇದ್ದೀತು. ತೇಲುಶಾಲೆಯೆಂದರೆ ನೀರಿನ ಮೇಲೆ ಕಟ್ಟಿದ ವಿಶ್ವವಿದ್ಯಾಲಯ. ಇಪ್ಪತ್ತೆರಡು ತೆಪ್ಪಗಳನ್ನು ಒಂದಕ್ಕೊಂದು ಬಿಗಿದು, ಹಳೆಯ ಕಟ್ಟಡದ ಮುಳುಗಿದ ಕಂಬಗಳಿಗೇ ಕಟ್ಟಿ ಹಾಕಿದ್ದೇವೆ. ನೀರು ಏರಿದರೆ ಗ್ರಂಥಾಲಯವೂ ಏರುತ್ತದೆ, ಇಳಿದರೆ ಇಳಿಯುತ್ತದೆ. ಗಡಿಯಾರ ಇದೆ, ಆದರೆ ಯಾರೂ ನೋಡುವುದಿಲ್ಲ; ತರಗತಿ ಶುರುವಾಗುವುದು ಉಬ್ಬರಕ್ಕೆ, ಬಿಡುವುದು ಇಳಿತಕ್ಕೆ. ಹೀಗಾಗಿ ದಿನವೂ ಮುಕ್ಕಾಲು ಗಂಟೆಯಷ್ಟು ಎಲ್ಲವೂ ಮುಂದೆ ಸರಿಯುತ್ತಾ ಹೋಗುತ್ತದೆ, ಹದಿನೈದು ದಿನಕ್ಕೊಮ್ಮೆ ಬೆಳಗಿನ ತಿಂಡಿ ಮಧ್ಯಾಹ್ನದ ಊಟವಾಗುತ್ತದೆ. ಹಿನ್ನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳು ಈಗ ನಿಮ್ಮ ಹೆದ್ದಾರಿ ಇದ್ದ ಕಡೆಗೆ ನಡೆದು ಹೋಗಿವೆ. ಬಳಚು ಸಿಗುತ್ತದೆ, ಆದರೆ ಚಿಪ್ಪು ತೆಳು, ಬಾಯಲ್ಲಿ ಹಪ್ಪಳದ ಹಾಗೆ ಮುರಿಯುತ್ತದೆ. ತಾರ್ಲೆ ಮೀನು ಮೂರು ವರ್ಷಕ್ಕೊಮ್ಮೆ ಬರುತ್ತದೆ. ಬಂದ ದಿನ ಶಾಲೆಗೆ ರಜೆ.

ಕೆಲಸ ಮಾತ್ರ ನಿಮ್ಮದೇ. ನೀರಿನ ಉಪ್ಪು, ಹುಳಿ, ಬಿಸಿ ಇವನ್ನು ಅಳೆಯುವುದಕ್ಕೆ ನಮ್ಮಲ್ಲಿ ತಾನಾಗಿ ಮುಳುಗಿ ಏಳುವ ‘ಮುಳುಗುಬುರುಡೆ’ಗಳಿವೆ, ನೀರಿನೊಳಗೆ ದಿನವಿಡೀ ತಾವೇ ಲೆಕ್ಕ ಬರೆಯುತ್ತವೆ. ಆದರೆ ನೀರು ಎಷ್ಟು ತಿಳಿಯಾಗಿದೆ ಎಂದು ನೋಡಲು ಇವತ್ತಿಗೂ ಕಪ್ಪು ಬಿಳುಪಿನ ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ, ಕಣ್ಣಿಗೆ ಕಾಣದಾದ ಕೂಡಲೇ ಹಗ್ಗದ ಗಂಟು ಎಣಿಸುತ್ತೇವೆ. ಅದಕ್ಕಿಂತ ಒಳ್ಳೆಯದನ್ನು ಯಾರೂ ಕಂಡುಹಿಡಿದಿಲ್ಲ. ನಿಮ್ಮ ಪುಸ್ತಕದಲ್ಲಿ ‘ತಟ್ಟೆ ನಾಲ್ಕು ಗಂಟು’ ಎಂದು ಓದಿದಾಗ ನನ್ನ ಕೈಯಲ್ಲಿರುವ ಹಗ್ಗದ ಇನ್ನೊಂದು ತುದಿ ನಿಮ್ಮ ಕೈಯಲ್ಲಿದೆ ಎನಿಸಿ ಮೈ ಜುಮ್ಮೆಂದಿತ್ತು. ಈಗ ಎರಡೂವರೆ ಗಂಟು.

ಇನ್ನು ಜೋಡುಗಲ್ಲು. ಹೆಸರು ಹಾಗೇ ಉಳಿದಿದೆ, ಕಲ್ಲು ಮಾತ್ರ ಒಂದೇ. ತೆಂಕಣ ಬಂಡೆ ನೀರಿನಡಿಗೆ ಹೋಯಿತು. ಹೊಸದಾಗಿ ಬಂದ ಮಕ್ಕಳೆಲ್ಲ ಜೋಡಿ ಎಲ್ಲಿ ಎಂದು ಕೇಳುತ್ತಾರೆ, ನಾವು ಕೆಳಗೆ ಬೊಟ್ಟು ಮಾಡುತ್ತೇವೆ. ಉಳಿದ ಬಂಡೆಯ ಮೇಲೆ ಒಂದು ಆಳೆತ್ತರದ ಹುಲ್ಲಿದೆ. ಅಲ್ಲಿಗೆ ಏಪ್ರಿಲ್ ಕೊನೆಯಲ್ಲಿ ನಿಮ್ಮ ಹಕ್ಕಿಗಳು ಬರುತ್ತವೆ: ಕಡಲ ರೀವ. ಕಾಗೆಗಿಂತ ಚಿಕ್ಕದು, ಕಪ್ಪು ಟೋಪಿ, ಬಿಳಿ ಹಣೆ, ಬೂದಿ ಬಣ್ಣದ ಬೆನ್ನು, ಕವಲೊಡೆದ ಬಾಲ. ಗೂಡಿಗೊಂದೇ ಮೊಟ್ಟೆ. ನಿಮ್ಮ ಮೊದಲ ಪುಸ್ತಕದಲ್ಲಿ ಇನ್ನೂರು ಜೋಡಿ ಇದ್ದವು. ಕಳೆದ ವರ್ಷ ನಾನು ಎಣಿಸಿದ್ದು ಹತ್ತೊಂಬತ್ತು ಜೋಡಿ. ಈ ಕರಾವಳಿಯಲ್ಲಿ ಇನ್ನೆಲ್ಲಿಯೂ ಇಲ್ಲ. ಈ ಹತ್ತೊಂಬತ್ತು ಮುಗಿದರೆ ಮುಗಿಯಿತು.

ನಮ್ಮಲ್ಲಿ ಒಂದು ಪದ್ಧತಿಯಿದೆ, ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಎಣಿಕೆಗೆ ಬಂಡೆಗೆ ಹೋಗುವವರಿಗೆ, ಗಂಡಾಗಲಿ ಹೆಣ್ಣಾಗಲಿ, ದೋಣಿ ಹತ್ತುವ ಮೊದಲು ವಿಭಾಗದ ಮುಖ್ಯಸ್ಥರು ಎರಡು ಕೆಂಪು ಗಾಜಿನ ಬಳೆ ಕೊಡುತ್ತಾರೆ. ಬೇರೆಲ್ಲೂ ಈಗ ಯಾರೂ ಗಾಜಿನ ಬಳೆ ತೊಡುವುದಿಲ್ಲ. ಇದಕ್ಕೆಂದೇ ಮರಳು ಕರಗಿಸಿ ಮಾಡಿಸುತ್ತೇವೆ. ಕೈಗೆ ತೊಡಿಸಿ, ಚಪ್ಪಾಳೆ ತಟ್ಟಿ, ಕೂಡಲೇ ತೆಗೆದು ಡಬ್ಬಿಯಲ್ಲಿ ಹತ್ತಿಯೊಳಗೆ ಇಡುವುದು ಕ್ರಮ, ಗಾಜಲ್ಲವೇ. ನನ್ನ ಡಬ್ಬಿಯಲ್ಲಿ ಐವತ್ತೆಂಟು ಬಳೆಗಳಿವೆ. ಈ ಪದ್ಧತಿಯನ್ನು ನಾವು ಕಲಿತದ್ದು ನಿಮ್ಮಿಂದಲೇ. ನಿಮ್ಮ ಪುಸ್ತಕಗಳಲ್ಲಿ ಐದು ಕಡೆ ‘ಇವತ್ತು ಬಳೆ ಎರಡು ಹೆಚ್ಚಿದವು’ ಎಂದಿದೆ. ಒಂದು ಕಡೆ ‘ಬಲಗೈ ಬಳೆ ಎರಡು ಹೆಚ್ಚಿದವು. ರಕ್ತ’ ಎಂದಿದೆ. ಕೈಬರಹ ಓದಿ ಅರ್ಥ ಹೇಳುವ ನಮ್ಮ ‘ಓದುಪೆಟ್ಟಿಗೆ’ ಇದನ್ನೆಲ್ಲ ನೋಡಿ ಟಿಪ್ಪಣಿ ಬರೆಯಿತು: ಪ್ರತಿ ಪ್ರಯಾಣಕ್ಕೂ ಎಣಿಕೆಯವರ ಬಳೆಗಳಿಗೆ ಎರಡು ಸೇರಿಸಿ ಗೌರವಿಸುತ್ತಿದ್ದರು, ಬಣ್ಣ ರಕ್ತಗೆಂಪು. ಎಷ್ಟು ಚೆಂದದ ಪದ್ಧತಿ ಎಂದು ನಮ್ಮ ಹಿರಿಯರು ಕಣ್ಣು ಒದ್ದೆ ಮಾಡಿಕೊಂಡು ಅದನ್ನೇ ಶುರು ಮಾಡಿದರು. ತುಳಸಕ್ಕ, ನೀವು ಈಗ ಹಣೆ ಚಚ್ಚಿಕೊಳ್ಳುತ್ತಿರಬೇಕು. ಸ್ವಲ್ಪ ತಾಳಿ.

ಮೂರನೆಯ ಪುಸ್ತಕದ ಮೇ ತಿಂಗಳಿಗೆ ಬರುತ್ತೇನೆ. ಹದಿನೇಳನೆಯ ತಾರೀಖು ನೀವು ಬರೆದಿದ್ದೀರಿ: ಗೂಡು ಎಪ್ಪತ್ತೊಂದು, ಮೊಟ್ಟೆ ಎಪ್ಪತ್ತೊಂದು. ಹತ್ತೊಂಬತ್ತಕ್ಕೆ: ‘ಹುಲ್ಲು ಕೊಯ್ದರೆ ಗೂಡು ಸರಿಯಾಗಿ ಕಾಣುತ್ತವೆ ಎಂದರು ಸರ್. ಕೊಯ್ಸಿದರು.’ ಇಪ್ಪತ್ತೆರಡಕ್ಕೆ ಒಂದೇ ಸಾಲು: ‘ಮೊಟ್ಟೆ ಹೆಚ್ಚಿದವು, ಅರವತ್ತೆರಡು.’ ಅಲ್ಲಿಂದ ಮುಂದೆ ಪುಟಗಳು ಉಪ್ಪುನೀರು ಕುಡಿದು ಅಂಟಿಕೊಂಡಿವೆ. ಓದುಪೆಟ್ಟಿಗೆ ಕೂಡಿಸಿ ನೂರ ಮೂವತ್ತಮೂರು ಎಂದಿತು. ಇನ್ನೂರರಿಂದ ಎಪ್ಪತ್ತೊಂದಕ್ಕೆ ಇಳಿದಿದ್ದ ಹಕ್ಕಿ, ಹುಲ್ಲು ಕೊಯ್ದ ಮೂರೇ ದಿನಕ್ಕೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು ಎಂದು ಇದರ ಅರ್ಥ. ನಾನು ಈ ಸಾಲನ್ನು ಹಿಡಿದುಕೊಂಡೆ. ಹುಲ್ಲು ಕೊಯ್ಯೋಣ, ಹುಲ್ಲೇ ಹಕ್ಕಿಯ ಶತ್ರು, ನಮ್ಮ ತುಳಸು ಹರಿಕಂತ್ರ ತೋರಿಸಿಕೊಟ್ಟಿದ್ದಾರೆ ಎಂದು ಏಳು ವರ್ಷ ದಡಸಭೆಯಲ್ಲಿ, ಎಂದರೆ ಕಡಲಿಗೆ ಸಂಬಂಧಿಸಿದ್ದನ್ನೆಲ್ಲ ತೀರ್ಮಾನಿಸುವ ನಮ್ಮ ಸಭೆಯಲ್ಲಿ, ಗಂಟಲು ಹರಿದುಕೊಂಡೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ನಾನು. ಮೂರು ದಿನದಲ್ಲಿ ಅಷ್ಟು ಹಕ್ಕಿಗಳು ಎಲ್ಲಿಂದ ಬಂದಾವು ಎಂದು ಒಬ್ಬ ಹುಡುಗಿ ಕೇಳಿದ್ದಳು. ಅವಳ ಬಾಯಿ ಮುಚ್ಚಿಸಿದ್ದೂ ನಾನೇ. ಕೊನೆಗೆ ಸಭೆ ಒಪ್ಪಿತು. ಬರುವ ಮಾರ್ಚ್ ನಾಲ್ಕಕ್ಕೆ, ಹಕ್ಕಿ ಬರುವ ಮೊದಲು, ದೊಡ್ಡ ಇಳಿತ ನೋಡಿ ಬಂಡೆಯ ಹುಲ್ಲನ್ನೆಲ್ಲ ಬೇರುಸಹಿತ ತೆಗೆಯುವುದು ಎಂದು ಗೊತ್ತಾಯಿತು.

ಮೊನ್ನೆ ಇಪ್ಪತ್ತೇಳಕ್ಕೆ ಬಂಡೆಯನ್ನು ಅಳೆದು ಬರಲು ಹೊರಟೆ. ಅದು ನನ್ನ ಮೂವತ್ತನೆಯ ಪ್ರಯಾಣ. ಆ ಸಂಭ್ರಮಕ್ಕೆ ಬಳೆ ತೆಗೆಯದೆ ಹಾಗೇ ತೊಟ್ಟುಕೊಂಡು ಹೋದೆ, ವಾಪಸು ಬಂದು ತೆಪ್ಪಕ್ಕೆ ಕಾಲಿಡುವಾಗ ಕೈ ಕಂಬಕ್ಕೆ ಬಡಿಯಿತು. ಬಳೆ ಎರಡೂ ಚೂರು. ನಾವು ಯಾರೂ ಅದುವರೆಗೆ ಬಳೆ ಒಡೆಯುವುದನ್ನೇ ಕಂಡವರಲ್ಲ, ಎಲ್ಲರ ಬಳೆಯೂ ಹತ್ತಿಯೊಳಗೆ ಮಲಗಿರುತ್ತದೆ. ಅಲ್ಲಿ ಬೀರಮ್ಮ ಕುಳಿತಿದ್ದಳು. ಗಜನಿ ಕೇರಿಯ ಎಂಬತ್ತೆಂಟರ ಮುದುಕಿ, ವಾರಕ್ಕೆರಡು ಸಲ ನಮಗೆ ಬಳಚು ತಂದುಕೊಡುತ್ತಾಳೆ, ತೂಕದಲ್ಲಿ ಯಾವತ್ತೂ ಒಂದು ಹಿಡಿ ಜಾಸ್ತಿ ಹಾಕಿ ಬೈದುಕೊಳ್ಳುತ್ತಾಳೆ. ಅವಳು ಬುಟ್ಟಿ ಬಿಟ್ಟು ಎದ್ದು ಬಂದಳು. ‘ಅಯ್ಯಯ್ಯೋ, ಬಳೆ ಹೆಚ್ತಲ್ಲೇ ಮಗಾ! ಕೈಗೆ ತಾಗ್ತಾ?’ ಎಂದಳು.

ಹೆಚ್ಚಿಲ್ಲ ಅಜ್ಜಿ, ಒಡೆದು ಹೋಯಿತು ಎಂದೆ, ಮುದುಕಿಗೆ ಕಣ್ಣು ಮಂಜೆಂದುಕೊಂಡು. ಆಕೆ ನನ್ನ ಬಾಯಿಗೇ ಕೈ ಅಡ್ಡ ಹಿಡಿದಳು. ‘ಶ್! ಬಾಯಿ ಮುಚ್ಚೇ. ಹೆಣ್ಮಕ್ಕಳ ಬಾಯಲ್ಲಿ ಆ ಮಾತು ಬರ್ಬಾರ್ದು. ಬಳೆ ಹೆಚ್ತು ಅನ್ಬೇಕು. ನಿಮ್ಗೆ ಶಾಲೆಲಿ ಎಂತ ಕಲಿಸ್ತ್ರೋ ಎಂತೋ!’ ಎಂದು ಗದರಿ, ತನ್ನ ಸೆರಗಿನ ತುದಿಯಿಂದ ನನ್ನ ಬಲಗೈಯ ರಕ್ತ ಒರೆಸಿದಳು.

ಬಲಗೈ, ಎರಡು ಬಳೆ, ರಕ್ತ. ನಿಮ್ಮ ಪುಸ್ತಕದ ಅದೇ ಸಾಲು. ಅಲ್ಲೇ ಬಳಚಿನ ಬುಟ್ಟಿಯ ಪಕ್ಕ ಕುಳಿತೆ. ಬೀರಮ್ಮ ಗಾಯಕ್ಕೆ ಹೆದರಿದೆನೆಂದುಕೊಂಡು ತಲೆ ಸವರುತ್ತಿದ್ದಳು. ಅಜ್ಜಿ, ಬಳೆಗೆ ಮಾತ್ರ ಹೀಗೆ ಹೇಳುವುದೋ, ಬೇರೆಯದಕ್ಕೂ ಹೇಳುವುದೋ ಎಂದು ಕೇಳಿದೆ. ತನ್ನ ಅಬ್ಬೆ ದೋಣಿಯಲ್ಲಿ ಕುಳಿತರೆ ಮಡಕೆಗೂ ಹಾಗೇ ಹೇಳುತ್ತಿದ್ದಳು, ತುಂಬಿದ್ದು ಯಾವುದೇ ಒಡೆಯಲಿ, ದೋಣಿಯಲ್ಲಿ ‘ಒಡೀತು’ ಎನ್ನಬಾರದು, ಕಡಲು ಕೇಳಿಸಿಕೊಳ್ಳುತ್ತದೆ ಎಂದಳು. ತುಂಬಿದ್ದು ಯಾವುದೇ ಒಡೆಯಲಿ! ಮೊಟ್ಟೆಗಿಂತ ತುಂಬಿದ್ದು ಇನ್ನೇನಿದೆ ತುಳಸಕ್ಕ?

ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಕಥೆ ನನ್ನದು. ನಿಮ್ಮ ಕೈ ಕೊಯ್ದ ರಕ್ತವನ್ನು ಬಣ್ಣವೆಂದು ತಿಳಿದು ಒಂದು ಶತಮಾನ ಚಪ್ಪಾಳೆ ತಟ್ಟಿದೆವು. ಅದು ಹೋಗಲಿ, ನಗುವ ವಿಷಯ. ಹುಲ್ಲಿನದು ನಗುವ ವಿಷಯವಲ್ಲ. ಹುಲ್ಲು ಹಕ್ಕಿಯ ನೆರಳು, ಅದರ ಮರೆ. ಅದನ್ನು ಕೊಯ್ದಾಗ ಹದ್ದಿಗೂ ಕಾಗೆಗೂ ಮೊಟ್ಟೆ ಕಂಡಿರಬೇಕು. ನಿಮ್ಮ ಕಣ್ಣೆದುರೇ ಅರವತ್ತೆರಡು ಮೊಟ್ಟೆ ಒಡೆದವು, ನೀವು ಬಾಯಿ ಬಿಟ್ಟು ಹಾಗೆನ್ನಲಾರದೆ, ನಿಮ್ಮ ಅಬ್ಬೆ ಕಲಿಸಿದ ಮಾತಿನಲ್ಲಿ ಬರೆದಿರಿ. ಹೀಗೆಂದು ನನಗೆ ಖಾತ್ರಿ. ಆದರೆ ನನ್ನ ಖಾತ್ರಿಯ ಬೆಲೆ ಏನೆಂದು ಏಳು ವರ್ಷದಿಂದ ಊರಿಗೆಲ್ಲ ಗೊತ್ತು.

ಮರುದಿನವೇ ವಿಭಾಗದ ಮುಖ್ಯಸ್ಥ ಮುಕುಂದ ಶಾನಭಾಗರ ಮುಂದೆ ನಿಂತೆ. ಒಳ್ಳೆಯ ಮನುಷ್ಯ, ಅಲ್ಪವಿರಾಮ ತಪ್ಪಿದರೂ ಊಟ ಬಿಡುವಷ್ಟು ಶಿಸ್ತು. ಪೂರ್ತಿ ಕೇಳಿ ಕನ್ನಡಕ ತೆಗೆದರು. ‘ಶೇವಂತಿ, ಏಳು ವರ್ಷ ನಮ್ಮ ಕಿವಿ ತಿಂದವ್ರು ನೀವೇ. ಈಗ ಒಂದು ಬಳೆ ಒಡೀತು ಅಂತ ಎಲ್ಲಾ ನಿಲ್ಸಿ ಅಂದ್ರೆ ಹೆಂಗೆ ಮಾರಾಯ್ರೆ? ಹೆಚ್ಚೋದು ಅಂದ್ರೆ ತರಕಾರಿ ಹೆಚ್ಚೋದೂ ಹೌದಲ್ಲ. ಹಂಗಾದ್ರೆ ಆ ತುಳಸಮ್ಮ ಮೊಟ್ಟೆ ಹೆಚ್ಚಿ ಪಲ್ಯ ಮಾಡಿದ್ರು ಅನ್ನೋಣ್ವಾ?’ ಎಂದರು. ಅಲ್ಲಿದ್ದವರೆಲ್ಲ ನಕ್ಕರು, ನನಗೆ ಅಳು ಬಂತು. ಆಮೇಲೆ ಅವರೇ ಮೆತ್ತಗಾಗಿ ಹೇಳಿದರು: ಒಂದು ಮಾತಿಗೆ ಮೂರು ಅರ್ಥವಿದ್ದಾಗ ಯಾವುದು ಎಂದು ಬರೆದವರೇ ಹೇಳಬೇಕು, ಇಲ್ಲವೇ ಅದೇ ಪುಸ್ತಕದಲ್ಲಿ ಎರಡನೆಯ ಸಾಕ್ಷಿ ಸಿಗಬೇಕು. ಹುಲ್ಲು ಬಿಟ್ಟರೆ ಹಕ್ಕಿ ಉಳಿಯುತ್ತದೆ ಎಂದೂ ಯಾರಿಗೂ ಗೊತ್ತಿಲ್ಲ, ಹುಲ್ಲಿದ್ದೂ ಹತ್ತೊಂಬತ್ತಕ್ಕೆ ಇಳಿದಿದೆಯಲ್ಲ. ಮಾರ್ಚ್ ನಾಲ್ಕರ ಬೆಳಗಿನೊಳಗೆ ಸಾಕ್ಷಿ ತಂದರೆ ಸರಿ, ಇಲ್ಲದಿದ್ದರೆ ಸಭೆಯ ತೀರ್ಮಾನದಂತೆ ನಡೆಯುತ್ತದೆ. ಬೈಯಲು ನನಗೆ ಬಾಯಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಆದ್ದರಿಂದ ತುಳಸಕ್ಕ, ನಿಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ಆ ಮೇ ಇಪ್ಪತ್ತೆರಡರ ಸಾಲು ಬರೆಯುವ ಮೊದಲು, ಹೇಗೋ ಏನೋ, ಈ ಪತ್ರ ನಿಮ್ಮ ಮನಸ್ಸಿಗೆ ತಾಗಲಿ. ಒಂದೇ ಒಂದು ಸಲ ಆ ಕೆಟ್ಟ ಮಾತನ್ನು ಬರೆದುಬಿಡಿ. ‘ಮೊಟ್ಟೆ ಒಡೆದವು’ ಎನ್ನಿ. ಅಪಶಕುನವಾದರೆ ಆಗಲಿ, ಅದು ನಮ್ಮ ತಲೆಗೆ ಬರಲಿ, ನಾವು ತಡೆದುಕೊಳ್ಳುತ್ತೇವೆ. ನಿಮ್ಮ ಕಾಲದ ಬೇರೆಯವರಿಗೂ ಹೇಳಿ: ನೀರು ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಬರೆಯಲಿ, ‘ಸುಧಾರಣೆಗೆ ಅವಕಾಶವಿದೆ’ ಎಂದು ಬರೆಯುವುದು ಬೇಡ. ಮುಂದೆ ಓದುವವರು ನಿಮ್ಮ ಮನೆಯಲ್ಲಿ ಬೆಳೆದವರಲ್ಲ, ನಿಮ್ಮ ನಾಚಿಕೆ, ನಿಮ್ಮ ಭಯ ನಮಗೆ ಗೊತ್ತಾಗುವುದಿಲ್ಲ.

ಸಹಿ ಮಾಡುವ ಮೊದಲು ನಿಮ್ಮ ಸಹಿ ಹೇಗಿತ್ತೆಂದು ಒಮ್ಮೆ ನೋಡುವ ಆಸೆಯಾಗುತ್ತಿದೆ. ಮೂರನೆಯ ಪುಸ್ತಕದ ಹಿಂದಿನ ರಟ್ಟಿನಲ್ಲಿ ಇರಬೇಕು.

ಮಾರ್ಚ್ ಒಂದು, ಉಬ್ಬರ ಇಳಿಯುತ್ತಿದೆ

ಪತ್ರ ನಿನ್ನೆ ಅಲ್ಲಿಗೇ ನಿಂತಿತು. ಯಾಕೆಂದು ಹೇಳುತ್ತೇನೆ.

ರಟ್ಟಿನ ಒಳಗಡೆ ನಿಮ್ಮ ಸಹಿಯಿದೆ. ಅದರ ಕೆಳಗೆ, ಪುಸ್ತಕ ತಿರುವಿ ಹಿಡಿದು ಬರೆದ ಒಂದು ಸಾಲಿದೆ: ‘ಒಂಬತ್ತು. ಬರ್ತೆ ಅಂತ ಹೋದವು.’ ಈ ಸಾಲು ನಮಗೆ ಹೊಸದಲ್ಲ. ಓದುಪೆಟ್ಟಿಗೆ ಅದನ್ನು ‘ಒಂಬತ್ತು ಗಂಟೆ. ಬರುತ್ತೇವೆ ಎಂದವರು ಹೋಗಿಬಿಟ್ಟರು’ ಎಂದು ಅರ್ಥ ಹೇಳಿತ್ತು. ಸಂಶೋಧಕರು ಒಂಬತ್ತಕ್ಕೆ ಬರುತ್ತೇವೆ ಎಂದು ಹೇಳಿ ಕೈಕೊಟ್ಟಿರಬೇಕು, ಪಾಪ, ಕಾದು ಬೇಸತ್ತು ಬರೆದಿದ್ದಾರೆ ಎಂದು ನಾವು ನಿಮ್ಮ ಪರ ಸಿಟ್ಟು ಮಾಡಿಕೊಂಡಿದ್ದೂ ಉಂಟು. ನಾನೇ ಮೂವತ್ತು ವರ್ಷದಲ್ಲಿ ನೂರು ಸಲ ಓದಿದ್ದೇನೆ. ನಿನ್ನೆ ಮಾತ್ರ, ನಿಮಗೆ ಎದುರು ಕುಳಿತು ಮಾತಾಡಿದಂತೆ ಇಷ್ಟುದ್ದ ಬರೆದ ಮೇಲೆ, ನೀವು ಅದನ್ನು ಹೇಳುವುದು ಕಿವಿಯಲ್ಲಿ ಕೇಳಿದಂತಾಯಿತು. ಹೋದವು. ಹೋದರು ಅಲ್ಲ, ಹೋದವು! ಸರ್ ಎಂದು ಬರೆದಲ್ಲೆಲ್ಲ ‘ಎಂದರು, ಮಲಗಿದರು, ಕೊಯ್ಸಿದರು’ ಎಂದು ತಪ್ಪದೆ ಮರ್ಯಾದೆ ಕೊಟ್ಟ ಹೆಂಗಸು ಮನುಷ್ಯರನ್ನು ‘ಹೋದವು’ ಎನ್ನುತ್ತಾಳೆಯೇ? ಹೋದದ್ದು ಹಕ್ಕಿಗಳು. ಒಂಬತ್ತು ಎಂದರೆ ಗಂಟೆಯಲ್ಲ. ಎಪ್ಪತ್ತೊಂದರಲ್ಲಿ ಅರವತ್ತೆರಡು ಕಳೆಯಿರಿ.

ಪುಸ್ತಕ ಎದೆಗವಚಿಕೊಂಡು ತೆಪ್ಪದಿಂದ ತೆಪ್ಪಕ್ಕೆ ಹಾರುತ್ತಾ ಓಡಿದೆ. ಐವತ್ತೊಂದರ ಹೆಂಗಸು ಹೀಗೆ ಓಡುವುದನ್ನು ಕಂಡು ಬೀರಮ್ಮ ಮತ್ತೇನು ಒಡೆಯಿತೋ ಎಂದು ಎದ್ದಳಂತೆ. ಬಾಯಲ್ಲಿ ‘ಎಂತ ಹೆಚ್ತೇ?’ ಎಂದೇ ಕೂಗಿದಳು. ಶಾನಭಾಗರು ರಟ್ಟನ್ನು ಬೆಳಕಿಗೆ ಹಿಡಿದು ಓದಿದರು. ಮತ್ತೆ ಓದಿದರು. ‘ಹೋದವು’ ಎಂದು ತಮ್ಮಷ್ಟಕ್ಕೇ ಎರಡು ಸಲ ಹೇಳಿಕೊಂಡರು. ಅಲ್ಪವಿರಾಮಕ್ಕೆ ಊಟ ಬಿಡುವ ಮನುಷ್ಯನಿಗೆ ಇಷ್ಟು ದೊಡ್ಡ ವ್ಯಾಕರಣ ತನ್ನ ಕಣ್ಣು ತಪ್ಪಿಸಿಕೊಂಡಿತಲ್ಲ ಎಂಬ ಸಂಕಟ ಮುಖದಲ್ಲಿ ಕಾಣುತ್ತಿತ್ತು. ಕಾಗದ ತೆಗೆದು 71 ಎಂದು ಬರೆದು, ಕೆಳಗೆ 62 ಬರೆದು, ಮಕ್ಕಳ ಹಾಗೆ ಗೆರೆ ಎಳೆದು ಕಳೆದರು. ಆಮೇಲೆ ಬಾಗಿಲಿನ ಹೊರಗೆ ಹುಲ್ಲುಗತ್ತಿ ಮಸೆಯುತ್ತಿದ್ದವರಿಗೆ ಕೇಳುವಂತೆ ಕೂಗಿ ಹೇಳಿದರು: ‘ಕತ್ತಿ ಒಳಗಿಡ್ರೋ. ಹುಲ್ಲಿಗೆ ಯಾರೂ ಕೈ ಹಚ್ಚೂದು ಬೇಡ.’

ನನ್ನ ಪ್ರಶ್ನೆಗೆ ನೀವು ಮೊದಲೇ ಉತ್ತರ ಬರೆದಿಟ್ಟಿದ್ದಿರಿ ತುಳಸಕ್ಕ, ನಾನು ಪುಸ್ತಕ ತಿರುಗಿಸಿ ಹಿಡಿಯಬೇಕಿತ್ತು ಅಷ್ಟೇ. ಇನ್ನೊಂದು ವಿಷಯ ನನ್ನನ್ನು ಕಾಡುತ್ತಿದೆ. ಹೊರಡುವಾಗ ‘ಹೋಗ್ತೆ’ ಎನ್ನಬಾರದು, ‘ಬರ್ತೆ’ ಎನ್ನಬೇಕು ಎಂಬುದು ನಮ್ಮಲ್ಲಿ ಇನ್ನೂ ಉಳಿದಿದೆ, ಅದು ಬೀರಮ್ಮ ಹೇಳದೆಯೂ ನನಗೆ ಗೊತ್ತು. ಅವತ್ತು ಒಂಬತ್ತು ಮರಿಗಳು ಹಾರಿ ಹೋದಾಗ ಅವು ಮತ್ತೆ ಬರುತ್ತವೆ ಎಂದು ನೀವು ನಿಜಕ್ಕೂ ನಂಬಿದ್ದಿರಾ, ಇಲ್ಲಾ ಬಾಯಿಯ ರೂಢಿಗೆ ಬರೆದಿರಾ? ನಂಬಿರಲಿಲ್ಲ ಎಂದೇ ನನಗೆ ಅನಿಸುತ್ತದೆ. ಅಕ್ಷರ ಅಲ್ಲಿ ಸ್ವಲ್ಪ ಒತ್ತಿ ಬಂದಿದೆ. ಇದಕ್ಕೂ ನೀವು ಉತ್ತರ ಕೊಡಬೇಕೆಂದಿಲ್ಲ.

ಏಪ್ರಿಲ್ ಇಪ್ಪತ್ತೊಂಬತ್ತು, ತುಂಬು ಇಳಿತ, ಜೋಡುಗಲ್ಲಿನ ಪಕ್ಕ ದೋಣಿಯಲ್ಲಿ

ಇಷ್ಟು ದಿನ ಪತ್ರ ಮುಚ್ಚದೆ ಇಟ್ಟುಕೊಂಡಿದ್ದೆ. ಇವತ್ತು ಬಳೆ ತೊಡಿಸುವ ಶಾಸ್ತ್ರ ನಡೆಯಿತು. ನಿಲ್ಲಿಸೋಣವೇ ಎಂದು ಶಾನಭಾಗರು ಕೇಳಿದ್ದರು, ಬೇಡ ಎಂದೆ. ಆದರೆ ಇನ್ನು ಮೇಲೆ ಬಳೆ ಯಾಕೆಂದು ನಿಜ ಹೇಳಿಯೇ ತೊಡಿಸಬೇಕು, ನಿಮ್ಮ ಹೆಸರು ಹೇಳಬೇಕು ಎಂದು ಕರಾರು ಹಾಕಿದೆ. ಮೂರು ದಿನದಲ್ಲಿ ಹಕ್ಕಿ ಎಲ್ಲಿಂದ ಬಂದಾವು ಎಂದು ಹಿಂದೆ ಕೇಳಿದ್ದ ಹುಡುಗಿಯನ್ನು ಕ್ಷಮೆ ಕೇಳಿ ಜೊತೆಗೆ ಕರೆತಂದಿದ್ದೇನೆ. ನಾನೊಮ್ಮೆ, ಅವಳೊಮ್ಮೆ ಎಣಿಸಿದೆವು. ಹುಲ್ಲಿನ ಮರೆಯಲ್ಲಿ ಎಣಿಸುವುದು ಕಷ್ಟವೇ, ನಿಮ್ಮ ಸರ್ ಹೇಳಿದ್ದು ಅಷ್ಟರ ಮಟ್ಟಿಗೆ ಸುಳ್ಳಲ್ಲ. ಮೈ ಸುಡುವ ಬಿಸಿಲಿದೆ, ಆದರೆ ಹುಲ್ಲಿನ ಬುಡದಲ್ಲಿ ಕೈಯಿಟ್ಟರೆ ತಂಪು.

ಇದು ನನ್ನ ಸಾಧನೆಯಲ್ಲ, ಕೈ ಹಿಂದಕ್ಕೆ ತೆಗೆದುಕೊಂಡೆ, ಅಷ್ಟೇ. ಎಣಿಕೆಯಲ್ಲಿ ಒಂದೆರಡು ತಪ್ಪಿದ್ದರೂ ಇದ್ದೀತು, ಮುಂದಿನ ವರ್ಷ ಏನೋ ಗೊತ್ತಿಲ್ಲ. ಆದರೂ ನಿಮಗೆ ಹೇಳದೆ ದಡಕ್ಕೆ ಹೋಗಲು ಮನಸ್ಸಾಗಲಿಲ್ಲ.

ಹತ್ತೊಂಬತ್ತಿದ್ದದ್ದು ಇಪ್ಪತ್ತೆರಡು ಜೋಡಿ. ಹೆಚ್ಚಿದವು ತುಳಸಕ್ಕ. ಒಡೆದವು ಎಂದಲ್ಲ, ಹೆಚ್ಚಿದವು. ನಿಮ್ಮ ಒಂಬತ್ತು ಹೇಳಿದ ಹಾಗೆಯೇ ಬಂದಿವೆ.

ಬರ್ತೆ.

ಶೇವಂತಿ